ಬೇಸಿಗೆಯಲ್ಲಿ ಗೆಳತಿಯರ ಜೊತೆ ಸೈಕಲ್, ರಾತ್ರಿಗೆ ಟೆಂಟ್: ಹೊರಡೋದಾ, ಬೇಡವಾ?

ಪ್ರಶ್ನೆ: ನನಗೆ 41 ವರ್ಷ, ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ಬೇಸಿಗೆ ರಜೆಯಲ್ಲಿ ಹಳೇ ಗೆಳತಿಯರೆಲ್ಲ ಸೇರಿ ಸೈಕಲ್ ತುಳಿಯೋಣ ಅಂದುಕೊಂಡಿದ್ದೇವೆ. ನಾವು ನಾಲ್ವರು, ಒಬ್ಬಳ ಗಂಡ, ಇನ್ನೊಬ್ಬಳ ತಮ್ಮ, ಒಟ್ಟು ಆರು ಜನ. ಪ್ರತಿ ಭಾನುವಾರ ಒಂದು ಸುತ್ತು. ಏಪ್ರಿಲ್ ಕೊನೆಗೆ ತಲಕಾಡಿನ ಹೊಳೆ ಮರಳಿನ ಮೇಲೆ ಟೆಂಟ್ ಹಾಕಿ ಒಂದು ರಾತ್ರಿ, ಮೇ ತಿಂಗಳಲ್ಲಿ ಮೇಲುಕೋಟೆ ಬೆಟ್ಟದ ಮೇಲೆ ಬೆಂಕಿ ಹಾಕಿಕೊಂಡು ಇನ್ನೊಂದು ರಾತ್ರಿ ಕಳೆಯಬೇಕು ಅಂತ ಆಸೆ. ಒಬ್ಬಳ ಚಿಕ್ಕಪ್ಪನ ತೋಟ ಬನ್ನೂರಿನ ಹತ್ತಿರ ಇದೆ. ಆದರೆ ಅಲ್ಲಿ ಉಳಿದರೆ ಕ್ಯಾಂಪಿಂಗ್ ಅನ್ನಿಸಲ್ಲ. ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಬಿಸಿಲಲ್ಲಿ ಸೈಕಲ್ ತುಳಿದರೆ ತಲೆ ಸುತ್ತಿ ಬೀಳ್ತೀರಿ, ಈ ವಯಸ್ಸಿಗೆ ಮಂಡಿ ಸವೆಯುತ್ತೆ, ಟೆಂಟ್ ಒಳಗೆ ಹಾವು ಬರುತ್ತೆ ಅಂತ. ಒಬ್ಬ ಗೆಳತಿಗೆ ಶುಗರ್ ಇದೆ, ಮಾತ್ರೆ ತಗೋತಾಳೆ. ಬೇಸಿಗೆಯಲ್ಲಿ ಟೈರ್ ಸಿಡಿಯುತ್ತೆ, ಗಾಳಿ ಕಮ್ಮಿ ಹಾಕಿ ಅಂತಾನೆ ತಮ್ಮ. ಮೊದಲ ಎರಡು ಭಾನುವಾರ ಹೋದಾಗ ಇಬ್ಬರು ಮುಂದೆ ಓಡಿಬಿಟ್ಟರು, ನಾನು ಹಿಂದೆ. ಎಲ್ಲರಿಗೂ ಸ್ವಲ್ಪ ಬೇಜಾರಾಯಿತು. ಇದನ್ನೆಲ್ಲ ದಸರಾವರೆಗೆ ಮುಂದಕ್ಕೆ ಹಾಕೋದು ಒಳ್ಳೆಯದಾ?

ಉತ್ತರ: ಹೋಗಿ. ಆದರೆ ನೀವು ಬರೆದ ಎರಡು ಜಾಗಗಳಿಗೆ ಟೆಂಟ್ ತಗೊಂಡು ಹೋಗಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಬಿಸಿಲು, ಮಂಡಿ, ಹಾವು ಅಂತ ನಿಮ್ಮ ಪತ್ರದಲ್ಲಿ ಮೂರು ದೊಡ್ಡ ಭಯಗಳಿವೆ. ನಾನು ಫಿಸಿಯೋಥೆರಪಿಸ್ಟ್. ಸೈಕಲ್ ತುಳಿಯುವವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ, ಭಾನುವಾರದ ಗುಂಪು ಸವಾರಿಗಳಲ್ಲಿ ನಾನೂ ಇರುತ್ತೇನೆ. ಹಾಗಾಗಿ ನನ್ನ ಕಣ್ಣು ನಿಂತದ್ದು ಪತ್ರದ ಕೊನೆಯಲ್ಲಿ. "ಇಬ್ಬರು ಮುಂದೆ ಓಡಿಬಿಟ್ಟರು, ನಾನು ಹಿಂದೆ" ಅನ್ನುವ ಮಾತಿನ ಮೇಲೆ. ಒಬ್ಬರೇ ತುಳಿಯುವಾಗ ಸುಸ್ತಾದರೆ ಮರದ ನೆರಳು ನೋಡಿ ನಿಲ್ಲುತ್ತೇವೆ. ಗುಂಪಿನಲ್ಲಿ ಹಾಗಲ್ಲ. ನಿಲ್ಲಿ ಅನ್ನೋಕೆ ಸಂಕೋಚ, ನೀರು ಕೇಳೋಕೆ ಸಂಕೋಚ, ಬಾತ್‌ರೂಮ್‌ಗೆ ಹೋಗಬೇಕು ಅನ್ನೋಕೆ ಇನ್ನೂ ಸಂಕೋಚ. ಗುಂಪು ಸವಾರಿ ಮುಗಿಸಿ ಮಂಡಿ ಹಿಡಿದುಕೊಂಡು ಬರುವವರು, ಬಿಸಿಲು ತಾಗಿ ವಾಂತಿ ಮಾಡಿಕೊಂಡವರು ಸಾಮಾನ್ಯವಾಗಿ ಹಿಂದೆ ಬಿದ್ದವರೇ. ಇಲ್ಲವೇ ಹಿಂದೆ ಬೀಳಬಾರದು ಅಂತ ಒದ್ದಾಡಿದವರು. ಬಿಸಿಲಿನ ಲೆಕ್ಕವೂ ಮಂಡಿಯ ಲೆಕ್ಕವೂ ಇಲ್ಲಿಂದಲೇ ಶುರುವಾಗುತ್ತದೆ.

ಮೊದಲು ಬಿಸಿಲು. ನಾವು ತುಳಿಯುವಾಗ ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಪೆಡಲ್‌ಗೆ ಹೋಗುತ್ತದೆ, ಅದೂ ಹೆಚ್ಚೆಂದರೆ. ಮಿಕ್ಕದ್ದೆಲ್ಲ ಮೈ ಒಳಗೆ ಶಾಖ. ಆ ಶಾಖ ಹೊರಗೆ ಹೋಗಲು ಇರುವ ಮುಖ್ಯ ದಾರಿ ಬೆವರು ಆರುವುದು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 15–18 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರು ಗಾಳಿಯೇ ಬೆವರು ಆರಿಸುತ್ತದೆ. ಅದಕ್ಕೇ ಸೈಕಲ್ ಮೇಲೆ ಅಷ್ಟು ಸೆಕೆ ಗೊತ್ತಾಗುವುದಿಲ್ಲ. ಕಷ್ಟ ಬರುವುದು ಏರಿನಲ್ಲಿ. ಶ್ರಮ ಜಾಸ್ತಿ, ವೇಗ ಕಮ್ಮಿ, ಗಾಳಿ ಇಲ್ಲ. ಗುಂಪನ್ನು ಹಿಡಿಯೋಕೆ ಏರಿನಲ್ಲಿ ಎದ್ದು ನಿಂತು ತುಳಿಯುವವರ ಮೈ ಹತ್ತು ನಿಮಿಷದಲ್ಲಿ ಕುದಿಯತೊಡಗುತ್ತದೆ.

ಮೈಸೂರಿನ ಬೇಸಿಗೆ ಅಷ್ಟೇನೂ ಕ್ರೂರವಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ 34–35 ಡಿಗ್ರಿ, ಬೆಳಗಿನ ಜಾವ 21–22. ಕಲಬುರಗಿ, ರಾಯಚೂರಿನ 40 ದಾಟಿದ ಬಿಸಿಲಿಗೆ ನಾನಿಲ್ಲಿ ಹೇಳುವ ಲೆಕ್ಕ ನಡೆಯುವುದಿಲ್ಲ. ಮಂಗಳೂರು, ಉಡುಪಿಯ ಗೆಳೆಯರೂ ಇದನ್ನು ಹಾಗೇ ನಂಬಬೇಡಿ. ಅಲ್ಲಿ ಡಿಗ್ರಿ ಕಮ್ಮಿ ಇದ್ದರೂ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದೇ ಇಲ್ಲ.

ನಿಮ್ಮ ಗುಂಪಿಗೆ ಗಡಿಯಾರವೇ ಮುಖ್ಯ. ಏಪ್ರಿಲ್ ಕೊನೆಗೆ ಆರು ಗಂಟೆಗೆಲ್ಲ ಸೂರ್ಯ ಹುಟ್ಟುತ್ತಾನೆ. ಬೆಳಕು ಹರಿಯುತ್ತಿದ್ದಂತೆ, ಐದೂ ಮುಕ್ಕಾಲಿಗೆ, ಮುಂದೆ ಹಿಂದೆ ಲೈಟ್ ಹಾಕಿಕೊಂಡು ಹೊರಡಿ. ಒಂಬತ್ತೂವರೆಗೆ ಸೈಕಲ್ ನೆರಳಿಗೆ ಬಂದಿರಬೇಕು. ಮತ್ತೆ ರಸ್ತೆಗೆ ಇಳಿಯುವುದಿದ್ದರೆ ಸಂಜೆ ನಾಲ್ಕೂವರೆ ಮೇಲೆ. ತಿಂಡಿ ಮುಗಿಸಿ ಹತ್ತಕ್ಕೆ ಹೊರಡೋಣ ಅನ್ನುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರಿಗೆ ತಿಂಡಿಯನ್ನು ಶ್ರೀರಂಗಪಟ್ಟಣದಲ್ಲಿ ಕೊಡಿಸುತ್ತೇವೆ ಅನ್ನಿ, ಎದ್ದು ಬರುತ್ತಾರೆ.

ದೇಹ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಹೋಗುವುದು ಕಮ್ಮಿಯಾಗುತ್ತದೆ. ಭಾನುವಾರ ಮಾತ್ರ ತುಳಿದರೆ ಇದು ಆಗುವುದಿಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಬೆಳಗ್ಗೆ ಎಂಟರ ಸುಮಾರಿಗೆ ಮುಕ್ಕಾಲು ಗಂಟೆ ಸುಮ್ನೆ ಊರೊಳಗೇ ತುಳಿಯಿರಿ. ರಜೆ ಇದೆ, ಅಲ್ವಾ?

ಈಗ ನೀರು. ಬಿಸಿಲಿಂದ ಬಂದ ತಕ್ಷಣ ನೀರು ಕುಡಿಯಬಾರದು ಅಂತ ಮನೆಯಲ್ಲಿ ಹೇಳಿರುತ್ತಾರೆ. ಕುಡಿಯಬಹುದು. ಗಟಗಟ ಅಂತ ಒಂದು ಲೀಟರ್ ಇಳಿಸಿದರೆ ಹೊಟ್ಟೆ ತೊಳಸುತ್ತದೆ, ಅಷ್ಟೇ. ಗುಟುಕು ಗುಟುಕಾಗಿ ಕುಡಿಯಿರಿ, ತಣ್ಣಗಿದ್ದರೂ ಪರವಾಗಿಲ್ಲ. ಇದಕ್ಕೆ ಉಲ್ಟಾ ತಪ್ಪೂ ಇದೆ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಗೊಂದಲ ಎಲ್ಲ ಶುರುವಾಗುತ್ತದೆ. ನೀರು ಸಾಲದೆ ಹೀಗಾಗಿದೆ ಅಂತ ಜೊತೆಯವರು ಇನ್ನೂ ಕುಡಿಸುತ್ತಾರೆ. ಹಾಗಾಗಿ ಬಾಯಾರಿದಾಗ ಕುಡಿಯಿರಿ, ಒಂದು ಗಂಟೆ ದಾಟಿದ ಮೇಲೆ ಉಪ್ಪೂ ಇರಲಿ. ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದು ಬೇಕಿಲ್ಲ. ಎಳನೀರು ಚೆನ್ನಾಗಿದೆ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಎಳನೀರಿನ ಜೊತೆ ಒಂದು ವಡೆಯನ್ನೋ ಖಾರದ ಕಡಲೆಯನ್ನೋ ತಿನ್ನಿ. ಕಿಡ್ನಿ ತೊಂದರೆ ಇರುವವರು ಎಳನೀರನ್ನು ಡಾಕ್ಟರ್ ಕೇಳದೆ ಕುಡಿಯಬಾರದು. ಓಆರ್‌ಎಸ್ ಪ್ಯಾಕೆಟ್ ನಾಲ್ಕೈದು ಇಟ್ಟುಕೊಳ್ಳಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೀಟರಿಗೇ ಕಲಸಿ, ಒಂದು ಲೋಟಕ್ಕಲ್ಲ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ನೀರಿನ ವಿಷಯದಲ್ಲಿ ಹೆಂಗಸರು ಹೇಳಿಕೊಳ್ಳದ ಸಂಗತಿ ಒಂದಿದೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ಬೆಳಗ್ಗೆಯಿಂದಲೇ ನೀರು ಕುಡಿಯದೆ ಬರುತ್ತಾರೆ. ಅರ್ಧ ದಾರಿಗೆ ತಲೆ ಸುತ್ತು, ಎರಡು ದಿನಕ್ಕೆ ಉರಿಮೂತ್ರ. ಬಿಸಿಲನ್ನು ಬೈದರೆ ಪ್ರಯೋಜನವಿಲ್ಲ. ದಾರಿ ಗೊತ್ತುಮಾಡುವಾಗಲೇ ಪೆಟ್ರೋಲ್ ಬಂಕ್‌ಗಳನ್ನು ಗುರುತು ಹಾಕಿಕೊಳ್ಳಿ. ಗಾಳಿ, ಕುಡಿಯುವ ನೀರು, ಶೌಚಾಲಯ ಅಲ್ಲಿ ಉಚಿತವಾಗಿ ಸಿಗಬೇಕು, ಅದು ನಿಯಮ. ಪ್ರತಿ 12–15 ಕಿಲೋಮೀಟರಿಗೆ ಬಂಕ್‌ನಲ್ಲೋ ಹೋಟೆಲ್‌ನಲ್ಲೋ ಎಲ್ಲರೂ ನಿಲ್ಲುತ್ತೇವೆ ಅಂತ ಮೊದಲೇ ಹೇಳಿಬಿಟ್ಟರೆ ಯಾರೂ ಬಾಯಿ ಬಿಟ್ಟು ಕೇಳಬೇಕಾಗಿಲ್ಲ.

ಯಾರಿಗಾದರೂ ಸುಸ್ತು, ತಲೆನೋವು, ವಾಕರಿಕೆ, ಕಾಲಿನ ಸೆಳೆತ ಶುರುವಾದರೆ ಅವತ್ತಿನ ಸವಾರಿ ಅಲ್ಲಿಗೇ ಮುಗಿಯಿತು. ನೆರಳು, ನೀರು, ಮೈಮೇಲೆ ಒದ್ದೆ ಬಟ್ಟೆ, ಬೀಸಣಿಗೆ. ಮಾತು ತಡವರಿಸಿದರೆ, ಏನೇನೋ ಹೇಳಿದರೆ, ನಡಿಗೆ ವಾಲಾಡಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಪ್ರಾಣಕ್ಕೆ ಕುತ್ತು. ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕುತ್ತಲೇ ಇರಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೂ ತಣಿಸುವುದನ್ನು ನಿಲ್ಲಿಸಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಲೂಬಾರದು.

ಮಂಡಿ ವಿಷಯ. ಸೈಕಲ್ ತುಳಿದರೆ ಮಂಡಿ ಸವೆಯುತ್ತದೆ ಅನ್ನುವುದು ಸುಳ್ಳು. ಮೈ ಭಾರ ಸೀಟಿನ ಮೇಲಿರುತ್ತದೆ. ಓಡುವಾಗ ಬೀಳುವ ಹೊಡೆತ ಇಲ್ಲಿಲ್ಲ. ಮಂಡಿ ಸವೆತ ಇರುವವರಿಗೇ ನಾವು ಸೈಕಲ್ ಹೇಳುತ್ತೇವೆ. ಹಾಗಾದರೆ ಇಷ್ಟು ಜನಕ್ಕೆ ನೋವು ಯಾಕೆ ಬರುತ್ತದೆ? ಸೀಟು ತೀರಾ ಕೆಳಗಿರುತ್ತದೆ, ಅದಕ್ಕೆ. ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು ಅಂತ ಅಂಗಡಿಯವರೇ ಸೀಟನ್ನು ಇಳಿಸಿ ಕೊಡುತ್ತಾರೆ. ಹೆಂಗಸರ ಸೈಕಲ್‌ಗಂತೂ ಯಾವಾಗಲೂ ಹೀಗೇ. ಅಷ್ಟು ಕೆಳಗೆ ಕೂತು ತುಳಿದರೆ ಮಂಡಿ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ.

ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಪೆಡಲ್ ಅತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಆಗ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿಯಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ಅದೇ ಸರಿಯಾದ ಎತ್ತರ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯಬೇಕು. ಎರಡು ದಿನ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದರೆ ಬಂದುಬಿಡುತ್ತದೆ. ಮಂಡಿಯ ಮುಂದೆ ನೋವಿದ್ದರೆ ಸೀಟು ಸ್ವಲ್ಪ ಮೇಲಕ್ಕೆ, ಹಿಂದೆ ನೋವಿದ್ದರೆ ಸ್ವಲ್ಪ ಕೆಳಕ್ಕೆ, ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಸಾಕು. ಗೇರ್ ಇರುವವರು ಹಗುರ ಗೇರ್‌ನಲ್ಲಿ ಬೇಗ ಬೇಗ ತುಳಿಯಿರಿ. ಏರು ಶುರುವಾದ ಮೇಲೆ ಗೇರ್ ಇಳಿಸೋದಲ್ಲ, ಶುರುವಾಗುವ ಮುಂಚೆ. ಗೇರ್ ಇಲ್ಲದ ಸೈಕಲ್‌ನವರು ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗಲಿ, ಅದರಲ್ಲಿ ಅವಮಾನ ಏನಿದೆ? ಮಂಡಿ ಊದಿಕೊಂಡರೆ, ನೋವು ರಾತ್ರಿ ನಿದ್ದೆ ಕೆಡಿಸಿದರೆ ಮಾತ್ರ ತೋರಿಸಿ.

ಕೂರುವ ಜಾಗದ ನೋವಿಗೆ ಮೆತ್ತನೆ ದಪ್ಪ ಸೀಟು ಕವರ್ ಹಾಕಬೇಡಿ, ಅದು ಜಾಸ್ತಿ ಉಜ್ಜುತ್ತದೆ. ಪ್ಯಾಡ್ ಇರುವ ಸೈಕಲ್ ಚಡ್ಡಿ ಒಳ್ಳೆಯದು. ಅದರ ಒಳಗೆ ಇನ್ನೊಂದು ಒಳಉಡುಪು ಬೇಡ. ಬೇಕಾದರೆ ಮೇಲೆ ಸಡಿಲವಾದ ಪ್ಯಾಂಟ್ ಹಾಕಿಕೊಳ್ಳಿ. ಇಳಿದ ತಕ್ಷಣ ಒಣ ಬಟ್ಟೆಗೆ ಬದಲಾಯಿಸಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಹ್ಯಾಂಡಲ್ ಮೇಲೆ ಭಾರ ಜಾಸ್ತಿ ಬಿಡುತ್ತಿದ್ದೀರಿ ಅಂತ ಅರ್ಥ. ಕೈ ಜಾಗ ಬದಲಿಸುತ್ತಿರಿ.

ನಿಮ್ಮ ಶುಗರ್ ಇರುವ ಗೆಳತಿಯೂ ಬರಬಹುದು. ಅವರಿಗೆ ಸೈಕಲ್ ಒಳ್ಳೆಯದೇ. ಆದರೆ ಯಾವ ಮಾತ್ರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ತೀರಾ ಇಳಿಯುವ ಭಯ ಕಮ್ಮಿ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಸವಾರಿಯ ನಡುವೆಯೂ ಇಳಿಯಬಹುದು, ಎಷ್ಟೋ ಗಂಟೆಗಳ ನಂತರ ರಾತ್ರಿ ನಿದ್ದೆಯಲ್ಲೂ ಇಳಿಯಬಹುದು. ಈ ರಾತ್ರಿಯ ಮಾತೇ ಟೆಂಟ್ ಹಾಕುವವರಿಗೆ ಮುಖ್ಯ. ಮಲಗುವ ಮುಂಚೆ ಶುಗರ್ ನೋಡಿಕೊಳ್ಳಬೇಕು, ಊಟ ತಪ್ಪಿಸಬಾರದು, ಒಬ್ಬರೇ ಟೆಂಟಿನಲ್ಲಿ ಮಲಗಬಾರದು. ಗ್ಲೂಕೋಸ್ ಪುಡಿ ಎಲ್ಲಿದೆ ಅಂತ ಪಕ್ಕದವರಿಗೆ ಗೊತ್ತಿರಬೇಕು. ಡಾಪಾಗ್ಲಿಫ್ಲೋಝಿನ್ ಥರದ ಮಾತ್ರೆ ಇದ್ದರೆ ಮೂತ್ರದಲ್ಲಿ ನೀರು ಜಾಸ್ತಿ ಹೋಗುತ್ತದೆ, ಬಿಸಿಲಲ್ಲಿ ಇನ್ನೂ ಎಚ್ಚರ ಬೇಕು. ಬಿಪಿಗೆ ನೀರಿಳಿಸುವ ಮಾತ್ರೆ ತಗೊಳ್ಳುವವರಿಗೂ ಅಷ್ಟೇ. ಹಾಗಂತ ಅವತ್ತು ಮಾತ್ರೆ ಬಿಡೋಣ ಅಂತ ನೀವೇ ತೀರ್ಮಾನ ಮಾಡಬೇಡಿ. ಈ ವಾರವೇ ಡಾಕ್ಟರ್‌ಗೆ "ಇಷ್ಟು ಗಂಟೆ ಸೈಕಲ್, ಒಂದು ರಾತ್ರಿ ಹೊರಗೆ" ಅಂತ ಬಿಡಿಸಿ ಹೇಳಿ ಕೇಳಲಿ.

ತಮ್ಮನ ಟೈರ್ ಮಾತಿಗೆ ಬರೋಣ. ಗಾಳಿ ಕಾದರೆ ಒತ್ತಡ ಏರುವುದು ನಿಜ, ಆದರೆ ಎಷ್ಟು? ಬೆಳಗ್ಗೆ 24 ಡಿಗ್ರಿಯಲ್ಲಿ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿದ ಟೈರ್ 44 ಡಿಗ್ರಿಗೆ ಕಾದರೆ 54ರ ಸುಮಾರಿಗೆ ಬರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮಿತಿಯೊಳಗೆ ಹಾಕಿದ್ದರೆ ಅದರಿಂದ ಏನೂ ಆಗುವುದಿಲ್ಲ. ಗಾಳಿ ಕಮ್ಮಿ ಹಾಕಿ ಮೇಲೆ ಲಗೇಜ್ ಹೇರಿದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಚರ್ ಆಗುತ್ತದೆ. ನಿಜವಾಗಿ ಟೈರ್ ಕಾಯುವುದು ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇದ್ದಾಗ, ಅದೂ ರಬ್ಬರ್ ಕಟ್ಟೆ ರಿಮ್ಮನ್ನೇ ಉಜ್ಜುವ ಬ್ರೇಕಿನಲ್ಲಿ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ಅದಕ್ಕಿಂತ ಮುಖ್ಯ ವಾಲ್ವ್. ಆರು ಸೈಕಲ್ ಅಂದರೆ ಎರಡು ಮೂರು ಥರದ ವಾಲ್ವ್ ಇರುತ್ತದೆ. ದುಬಾರಿ ಸೈಕಲ್‌ನ ತೆಳ್ಳನೆ ವಾಲ್ವ್‌ಗೂ ಹಳೇ ಸಾದಾ ಸೈಕಲ್‌ನ ವಾಲ್ವ್‌ಗೂ ಬಂಕ್‌ನ ಪೈಪ್ ಕೂರುವುದಿಲ್ಲ. ಎಲ್ಲ ಥರಕ್ಕೂ ಒಂದೊಂದು ಟ್ಯೂಬ್, ಎಲ್ಲಕ್ಕೂ ಆಗುವ ಒಂದು ಪಂಪ್ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ.

ಇನ್ನು ಗುಂಪಿನ ಬೇಜಾರು. ಇದಕ್ಕೆ ಮನಸ್ಸು ದೊಡ್ಡದು ಮಾಡಿಕೊಳ್ಳಿ ಅಂದರೆ ಸಾಲದು, ವ್ಯವಸ್ಥೆಯೇ ಬದಲಾಗಬೇಕು. ಟೆಂಟು, ಅಡುಗೆ ಸಾಮಾನು, ಪಂಪು ಎಲ್ಲ ಮುಂದೆ ಓಡುವ ಇಬ್ಬರ ಸೈಕಲ್ ಮೇಲೆ ಹೋಗಲಿ. ಇಬ್ಬರ ಟೆಂಟ್ ಒಂದು ಎರಡೂವರೆ ಮೂರು ಕೆಜಿ ತೂಗುತ್ತದೆ. ಹತ್ತು ಕೆಜಿ ಹೇರಿದರೆ ಅವರ ವೇಗ ತಾನಾಗಿ ನಿಮ್ಮ ಹತ್ತಿರಕ್ಕೆ ಇಳಿಯುತ್ತದೆ. ಅವರಿಗೂ ಹೆಮ್ಮೆ, ನಿಮಗೂ ಹಗುರ. ನಿಧಾನದವರು ಸಾಲಿನಲ್ಲಿ ಎರಡನೆಯವರಾಗಿ ಇರಲಿ, ಮುಂದಿನವರು ಗಾಳಿ ಒಡೆಯುತ್ತಾರೆ, ತುಳಿಯೋದು ಸುಲಭವಾಗುತ್ತದೆ. ಗಟ್ಟಿಗರೊಬ್ಬರು ಕೊನೆಯಲ್ಲಿ ಬರಬೇಕು, ಅವರನ್ನು ದಾಟಿ ಯಾರೂ ಹಿಂದೆ ಉಳಿಯಬಾರದು. ಪ್ರತಿ ತಿರುವಿನಲ್ಲಿ ಕೊನೆಯವರು ಕಾಣುವವರೆಗೆ ನಿಲ್ಲಬೇಕು. ಇಲ್ಲೊಂದು ಸಣ್ಣ ಅನ್ಯಾಯ ಎಲ್ಲ ಗುಂಪಿನಲ್ಲೂ ನಡೆಯುತ್ತದೆ. ಮುಂದಿನವರು ಹತ್ತು ನಿಮಿಷ ನಿಂತು ಸುಧಾರಿಸಿಕೊಂಡಿರುತ್ತಾರೆ. ಕೊನೆಯವರು ಬಂದು ಕಾಲೂರಿದ ತಕ್ಷಣ "ಸರಿ, ಹೊರಡೋಣ" ಅನ್ನುತ್ತಾರೆ. ಸುಸ್ತಾದವರಿಗೇ ವಿಶ್ರಾಂತಿ ಇಲ್ಲ. ಹೊರಡುವ ಮಾತನ್ನು ಕೊನೆಯಲ್ಲಿ ಬಂದವರೇ ಹೇಳಬೇಕು ಅಂತ ನಿಯಮ ಮಾಡಿ. ಇದೊಂದರಿಂದ ಅರ್ಧ ಜಗಳ ಕಮ್ಮಿಯಾಗುತ್ತದೆ.

ಬೆನ್ನಿಗೆ ಭಾರದ ಬ್ಯಾಗ್ ಬೇಡ. ಬೆನ್ನು ಬೆವರುತ್ತದೆ, ಕೂರುವ ಜಾಗಕ್ಕೆ ಒತ್ತಡ ಬೀಳುತ್ತದೆ. ಕ್ಯಾರಿಯರ್‌ಗೆ ಎರಡೂ ಕಡೆ ಇಳಿಬಿಡುವ ಬ್ಯಾಗ್ ಹಾಕಿ, ಭಾರದ ಸಾಮಾನು ಕೆಳಗೆ. ಕಟ್ಟುವ ಹಗ್ಗದ ತುದಿ, ದುಪಟ್ಟಾ, ಚೂಡಿದಾರದ ಸೆರಗು ಯಾವುದೂ ಚಕ್ರದ ಹತ್ತಿರ ಇರಬಾರದು. ಭಾರ ಹೇರಿದ ಸೈಕಲ್ ನಿಲ್ಲಲು ಜಾಸ್ತಿ ದೂರ ಬೇಕು, ಮನೆ ಹತ್ತಿರ ಒಮ್ಮೆ ಓಡಿಸಿ ನೋಡಿ. ದಾರಿ ಹಿಡಿಯುವಾಗ ನೆನಪಿರಲಿ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಸೈಕಲ್ ಯಾವುದಕ್ಕೂ ಅವಕಾಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಅಲ್ಲಿ ಎದುರಿನಿಂದ ರಾಂಗ್ ಸೈಡ್‌ನಲ್ಲಿ ಬರುವವರು ಜಾಸ್ತಿ.

ಈಗ ಟೆಂಟ್ ಎಲ್ಲಿ ಹಾಕೋದು. ತಲಕಾಡಿನ ಮರಳು ಯಾಕೆ ಬೇಡ? ತಲಕಾಡು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ. 2022ರ ಕೊನೆ, 2023ರ ಆರಂಭದಲ್ಲಿ ಅದೇ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತರು. ಕಬ್ಬಿನ ಗದ್ದೆ ಚಿರತೆಗೆ ಒಳ್ಳೆ ಮರೆ. ಹೊಳೆಯಲ್ಲಿ ಮೊಸಳೆಯೂ ಇದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ರಾತ್ರಿ ನಿಮಗೆ ಗೊತ್ತಾಗುವುದಿಲ್ಲ. ಮೇಲುಕೋಟೆಯ ಕಥೆ ಬೇರೆ. ಅಲ್ಲಿನ ಸುತ್ತಮುತ್ತಲ ಕಾಡು 1974ರಿಂದ ವನ್ಯಜೀವಿಧಾಮ, ತೋಳಗಳಿಗಾಗಿ ಕಾಪಾಡಿಕೊಂಡು ಬಂದ ಜಾಗ. ಅನುಮತಿ ಇಲ್ಲದೆ ಒಳಗೆ ಉಳಿಯುವುದು, ಬೆಂಕಿ ಹಾಕುವುದು ಅಪರಾಧ. ಮೇ ತಿಂಗಳ ಒಣಹುಲ್ಲಿಗೆ ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವೆಲ್ಲ ನೋಡಿದ್ದೇವೆ.

ಉಳಿಯುವ ದಾರಿಗಳು ಮೂರು. ದುಡ್ಡು ಕೊಟ್ಟು ಉಳಿಯುವ ಟೆಂಟ್ ಕ್ಯಾಂಪ್ ಅಥವಾ ಹೋಮ್‌ಸ್ಟೇ ಅಂಗಳ. ಶೌಚಾಲಯ, ಊಟ ಇರುತ್ತದೆ. ಖರ್ಚು ಜಾಸ್ತಿ, ಶನಿವಾರ ರಾತ್ರಿ ಪಕ್ಕದ ಗುಂಪಿನ ಸ್ಪೀಕರ್ ಗಲಾಟೆಯೂ ಪುಕ್ಕಟೆ. ಎರಡನೆಯದು ಛತ್ರ, ಟೆಂಟ್ ಇಲ್ಲದೆ. ಮೇಲುಕೋಟೆಗೆ ಅದೇ ಸರಿ, ವೈರಮುಡಿ ಜಾತ್ರೆಯ ದಿನಗಳನ್ನು ಮಾತ್ರ ಬಿಟ್ಟು. ಮೂರನೆಯದು ಗೊತ್ತಿರುವವರ ಜಮೀನು. ನೀವು ಬೇಡ ಅಂದ ಬನ್ನೂರಿನ ತೋಟ ಇದೆಯಲ್ಲ, ನನ್ನ ಆಯ್ಕೆ ಅದೇ. ಮೈಸೂರಿನಿಂದ 25 ಕಿಲೋಮೀಟರ್ ಆಚೀಚೆ. ಯಾರಿಗಾದರೂ ಆಗದಿದ್ದರೆ ಒಂದು ಲಗೇಜ್ ಆಟೋ ಬಂದು ಸೈಕಲ್ ಸಮೇತ ಕರೆದುಕೊಂಡು ಹೋಗಬಹುದು. ತೋಟದ ಮನೆ ಅಂದಮೇಲೆ ಬೋರ್‌ವೆಲ್ ನೀರು, ಬಾತ್‌ರೂಮ್ ಇರುತ್ತದೆ, ಮನೆಯಲ್ಲಿ ಹೆಂಗಸರೂ ಇರುತ್ತಾರೆ. ಬೇರೆ ಊರಲ್ಲಿ ಇದನ್ನೆಲ್ಲ ಹುಡುಕಿಕೊಂಡು ಅಲೆಯಬೇಕು. ಕ್ಯಾಂಪಿಂಗ್ ಅನ್ನಿಸಲ್ಲ ಅಂದಿರಿ. ಆರು ಜನ ಹೊರಗೆ ಟೆಂಟ್ ಬಿಚ್ಚಿ, ಯಾವ ಕಡ್ಡಿ ಎಲ್ಲಿಗೆ ಅಂತ ಗೊತ್ತಾಗದೆ ಬ್ಯಾಟರಿ ಬೆಳಕಲ್ಲಿ ಜಗಳ ಆಡಿದ ಮೇಲೆ ಅನ್ನಿಸುತ್ತದೆ.

ಅಲ್ಲೂ ಟೆಂಟನ್ನು ಮನೆಗೆ ಹತ್ತಿರ, ಲೈಟ್ ಇರುವ ಅಂಗಳದಲ್ಲೇ ಹಾಕಿ. ಕಬ್ಬಿನ ಗದ್ದೆಯಿಂದ ದೂರ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ, ಕಾಯಿ, ಗರಿ ಬೀಳುತ್ತದೆ. ಏಪ್ರಿಲ್ ಕೊನೆಯಿಂದ ಭರಣಿ ಮಳೆ, ಆಮೇಲೆ ಕೃತ್ತಿಕಾ. ಸಂಜೆ ಹೊತ್ತು ಗುಡುಗು, ಸಿಡಿಲು, ಬಿರುಗಾಳಿ ಒಟ್ಟಿಗೇ ಬರುತ್ತವೆ. ಟೆಂಟ್ ಮಳೆಗೆ ತಡೆಯಬಹುದು, ಸಿಡಿಲಿಗೆ ತಡೆಯುವುದಿಲ್ಲ. ಗುಡುಗು ಕೇಳಿದರೆ ಎಲ್ಲ ಬಿಟ್ಟು ಮನೆಯೊಳಗೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಬಿಟ್ಟು ಹೊರಗೆ ಬನ್ನಿ. ತೋಟದಲ್ಲಿ ಮನೆ ಇರುವುದರ ದೊಡ್ಡ ಲಾಭವೇ ಇದು. ಮರಳಿನ ಮೇಲೆ ಓಡಿಹೋಗಲು ಎಲ್ಲಿದೆ?

ಹಾವಿನ ಭಯ ಅರ್ಥವಾಗುತ್ತದೆ, ಆದರೆ ಜಿಪ್ ಪೂರ್ತಿ ಹಾಕಿದ ಟೆಂಟ್ ನಿಮಗೆ ರಕ್ಷಣೆ. ನಮ್ಮ ಕಡೆ ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಚಾಪೆ ಹಾಕಿ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಟೆಂಟಿನ ಜಿಪ್ ಅದನ್ನೇ ತಡೆಯುತ್ತದೆ. ಅಪಾಯ ಇರುವುದು ರಾತ್ರಿ ಬರಿಗಾಲಲ್ಲಿ ಬಾತ್‌ರೂಮ್‌ಗೆ ಹೋಗುವಾಗ, ಬೆಳಗ್ಗೆ ಶೂ ಝಾಡಿಸದೆ ಹಾಕಿಕೊಳ್ಳುವಾಗ. ಬ್ಯಾಟರಿ ಹಿಡಿದು, ಚಪ್ಪಲಿಯಲ್ಲ ಶೂ ಹಾಕಿಕೊಂಡು ಹೋಗಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ನಡುವೆ ಇಟ್ಟು ನಿಲ್ಲಿ, ಬಹುಪಾಲು ಸುಮ್ಮನಾಗುತ್ತವೆ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಇಂಜೆಕ್ಷನ್.

ನಿಮ್ಮ ಪತ್ರದಲ್ಲಿ ಇಲ್ಲದ, ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ವಿಷಯ ಈಜು. ಬೆವರಿ ಬಂದವರಿಗೆ ಕಾವೇರಿಯೋ ವಿಶ್ವೇಶ್ವರಯ್ಯ ನಾಲೆಯೋ ಕಂಡರೆ ಇಳಿಯೋಣ ಅನ್ನಿಸುತ್ತದೆ. ನಾಲೆಯ ಇಳಿಜಾರು ಗೋಡೆ ಪಾಚಿ ಕಟ್ಟಿ ಜಾರುತ್ತದೆ, ಒಳಗೆ ಬಿದ್ದವರು ಹತ್ತಿ ಬರಲಾಗುವುದಿಲ್ಲ. ನೀರು ನೋಡೋಕೆ ಶಾಂತ, ಸೆಳೆತ ಒಳಗೆ. ಬಲಮುರಿ, ತಲಕಾಡು, ಮುತ್ತತ್ತಿ ಎಲ್ಲ ಕಡೆಯೂ ಜನ ಮುಳುಗಿ ಸತ್ತಿದ್ದಾರೆ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಸಾಯುವುದೂ ಗುಂಪಿನಲ್ಲೇ. ಪಂಪ್‌ಸೆಟ್ಟಿನ ಕೆಳಗೆ ತಲೆ ಒಡ್ಡಿ, ಅದೇ ಸಾಕಷ್ಟು ಮಜಾ. ರಾತ್ರಿ ಕುಡಿಯುವ ಯೋಚನೆ ಯಾರಿಗಾದರೂ ಇದ್ದರೆ ಮರುದಿನ ಬಿಸಿಲಲ್ಲಿ ತುಳಿಯುವ ದೇಹ ಅದು ಅಂತ ನೆನಪಿಸಿ.

ಅಡುಗೆಗೆ ಒಂದು ಮಾತು. ಟೆಂಟಿನೊಳಗೆ ಸ್ಟವ್ ಹಚ್ಚಬಾರದು. ಬೆಂಕಿಯ ಭಯ ಒಂದು ಕಡೆ, ಮುಚ್ಚಿದ ಜಾಗದಲ್ಲಿ ವಿಷಗಾಳಿ ಇನ್ನೊಂದು ಕಡೆ. ಬುತ್ತಿಗೆ ಪುಳಿಯೋಗರೆ ತಗೊಂಡು ಹೋಗಿ, ಈ ಸೆಕೆಗೆ ಮೊಸರನ್ನ ಸಂಜೆಯೊಳಗೆ ಹುಳಿಯುತ್ತದೆ. ಹೊದೆಯಲು ಬೆಡ್‌ಶೀಟ್ ಸಾಕು, ದುಬಾರಿ ಸ್ಲೀಪಿಂಗ್ ಬ್ಯಾಗಿಗೆ ದುಡ್ಡು ಸುರಿಯಬೇಡಿ.

ದಸರಾವರೆಗೆ ಕಾಯೋದಾ? ಮೈಸೂರಿಗೆ ಜಾಸ್ತಿ ಮಳೆ ಬೀಳುವ ತಿಂಗಳುಗಳಲ್ಲಿ ಅಕ್ಟೋಬರ್ ಕೂಡ ಒಂದು, ಹಾಗಾಗಿ ದಸರಾ ಟೆಂಟಿಗೆ ಒಳ್ಳೆ ಕಾಲ ಅಂತೇನಿಲ್ಲ. ನಾನು ಹೇಳುವುದಿಷ್ಟು. ಇನ್ನು ಎರಡು ಭಾನುವಾರ ಶ್ರೀರಂಗಪಟ್ಟಣದವರೆಗೆ ಹೋಗಿ ಬನ್ನಿ, ಎರಡೂ ಕಡೆ ಸೇರಿ 30 ಕಿಲೋಮೀಟರ್ ಚಿಲ್ಲರೆ. ಅದರ ಮುಂದಿನದು ಲಗೇಜ್ ಹೇರಿಕೊಂಡು. ಏಪ್ರಿಲ್ ಕೊನೆಗೆ, ಭರಣಿ ಮಳೆ ಜೋರಾಗುವ ಮುಂಚೆ ಬನ್ನೂರಿನಲ್ಲಿ ಒಂದು ರಾತ್ರಿ. ಅಲ್ಲಿಂದ ಮರುದಿನ ಬೆಳಗ್ಗೆ ಸೋಮನಾಥಪುರ ನೋಡಿಕೊಂಡು ಬನ್ನಿ, ಹತ್ತಿರವೇ ಇದೆ. ಮೇಲುಕೋಟೆಗೆ ಮೈಸೂರಿನಿಂದ 50 ಕಿಲೋಮೀಟರ್, ಜಕ್ಕನಹಳ್ಳಿ ದಾಟಿದ ಮೇಲೆ ಏರು. ಅದನ್ನು ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಆರೂ ಜನರ ಸೀಟಿನ ಎತ್ತರ ಸರಿಯಾಗಿರಲಿ. ಮುಂದಿನ ಭಾನುವಾರ ಹೊರಡುವ ಮುಂಚೆ ಎಲ್ಲರನ್ನೂ ಒಂದು ಗೋಡೆ ಪಕ್ಕ ನಿಲ್ಲಿಸಿ ಸ್ಪ್ಯಾನರ್ ತೆಗೆಯಿರಿ, ಕಾಲು ಗಂಟೆಯ ಕೆಲಸ.